ಕೆಂಪು ಪೆನ್ನು ಹಿಡಿಯುವ ಮೊದಲು: ಮಕ್ಕಳ ಕನ್ನಡ ಬರಹಕ್ಕೆ ಗುಣಮಟ್ಟ ನಿರ್ವಹಣೆಯ ದಾರಿ

ಎಂಟನೇ ತರಗತಿಯಲ್ಲಿ 40 ಮಕ್ಕಳಿದ್ದಾರೆ, ವಾರಕ್ಕೆ ತಲಾ ಒಂದು ಪುಟ ಬರೆಯುತ್ತಾರೆ ಎನ್ನಿ. ಒಂದು ಪುಸ್ತಕ ತಿದ್ದಲು 4 ನಿಮಿಷ ಹಿಡಿದರೆ ವಾರಕ್ಕೆ 160 ನಿಮಿಷ, 30 ವಾರಕ್ಕೆ 80 ಗಂಟೆ. ಅಷ್ಟು ಹೊತ್ತು ಕೆಂಪು ಪೆನ್ನು ಓಡಿದರೂ ಜೂನ್‌ನಲ್ಲಿ ‘ವಿದ್ಯಾರ್ತಿ’ ಎಂದು ಬರೆದ ಮಗು ಫೆಬ್ರವರಿಯಲ್ಲೂ ‘ವಿದ್ಯಾರ್ತಿ’ ಎಂದೇ ಬರೆದಿರುತ್ತದೆ. ಇದರಲ್ಲಿ ಮೇಷ್ಟ್ರ ಸೋಮಾರಿತನವೂ ಇಲ್ಲ, ಮಗುವಿನ ದಡ್ಡತನವೂ ಇಲ್ಲ. ತಿದ್ದುವುದು ಎಂದರೆ ತಪಾಸಣೆ. ತಪ್ಪು ಆಗಿಹೋದ ಮೇಲೆ ತಪಾಸಣೆ ಅದನ್ನು ತೋರಿಸುತ್ತದೆ, ಅಷ್ಟೇ. ತಪ್ಪು ಹುಟ್ಟುವ ಜಾಗಕ್ಕೆ ಅದು ತಲುಪುವುದಿಲ್ಲ.

ಕಾರ್ಖಾನೆಗಳು ಈ ಪಾಠವನ್ನು ಬಹಳ ಹಿಂದೆಯೇ ಕಲಿತವು. 1950ರಲ್ಲಿ ಜಪಾನಿನ ಎಂಜಿನಿಯರುಗಳಿಗೆ ಉಪನ್ಯಾಸ ಕೊಟ್ಟ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್ ಮುಂದೆ 14 ಸೂತ್ರಗಳನ್ನು ಕೊಟ್ಟರು. ಅವುಗಳಲ್ಲಿ ಮೂರನೆಯದು ಇದೇ: ಗುಣಮಟ್ಟಕ್ಕಾಗಿ ಕೊನೆಯ ತಪಾಸಣೆಯನ್ನು ನಂಬಿ ಕೂರಬೇಡಿ, ಕೆಲಸ ನಡೆಯುವ ಕ್ರಮದಲ್ಲೇ ಗುಣಮಟ್ಟವನ್ನು ಕಟ್ಟಿ. ಶಾಲೆಗೆ ಈ ಮಾತನ್ನು ತರುವಾಗ ಒಂದು ಎಚ್ಚರ ಬೇಕು. ಮಗು ಇಲ್ಲಿ ಸರಕಲ್ಲ, ಗಿರಾಕಿಯೂ ಅಲ್ಲ. ಮಗುವೇ ಕೆಲಸಗಾರ, ಅದು ಬರೆದದ್ದು ಕೆಲಸದ ಫಲ. ನಾವು ಸುಧಾರಿಸಲು ಹೊರಟಿರುವುದು ಬರೆಯುವ ಕ್ರಮವನ್ನು. ಇದನ್ನು ಮರೆತರೆ ಇಡೀ ಪ್ರಯತ್ನ ಇನ್ನೊಂದು ರ‍್ಯಾಂಕ್ ಪಟ್ಟಿಯಾಗಿ ಮುಗಿಯುತ್ತದೆ.

ಇಲ್ಲಿ ಹಿಡಿದಿರುವುದು 8ನೇ ತರಗತಿಯ ಪ್ರಥಮ ಭಾಷೆ ಕನ್ನಡದ ಬರಹ. ಕೆಳಗಿನ ಅಂಕಿಗಳು ಲೆಕ್ಕ ಹೇಗೆ ನಡೆಯುತ್ತದೆ ಎಂದು ತೋರಿಸಲು ಹಾಕಿದವು. ನಿಮ್ಮ ತರಗತಿಯ ಅಂಕಿಗಳನ್ನು ನೀವೇ ತೆಗೆಯಬೇಕು.

ಹಂತ 1: ‘ಚೆನ್ನಾಗಿದೆ’ ಎಂದರೇನು ಎಂದು ಮಕ್ಕಳಿಂದಲೇ ಹೇಳಿಸಿ

ಹಿಂದಿನ ವರ್ಷದ ಮಕ್ಕಳು ಬರೆದ ಮೂರು ಬರಹಗಳನ್ನು ಹೆಸರು ಮುಚ್ಚಿ ತನ್ನಿ: ಒಂದು ಉತ್ತಮ, ಒಂದು ಸಾಧಾರಣ, ಒಂದು ತೀರಾ ಗೊಂದಲದ್ದು. ಯಾವುದು ಯಾವುದೆಂದು ಹೇಳಬೇಡಿ. ಐದೈದು ಮಕ್ಕಳ ಗುಂಪು ಮಾಡಿ, ಒಂದು ಪೀರಿಯಡ್ ಕೊಟ್ಟು, ‘ಯಾವುದನ್ನು ಓದಲು ಸುಲಭವಾಯಿತು? ಯಾಕೆ?’ ಎಂದು ಕೇಳಿ. ಉತ್ತರಗಳನ್ನು ಬೋರ್ಡಿನ ಮೇಲೆ ಬರೆದು, ಒಂದೇ ಅರ್ಥದವನ್ನು ಕೂಡಿಸಿ ನಾಲ್ಕೈದು ಸಾಲಿಗೆ ಇಳಿಸಿ. ಸಾಮಾನ್ಯವಾಗಿ ಬರುವುದು ಇಂಥವು: ಹೇಳಬೇಕಾದ್ದು ಮೊದಲ ಎರಡು ವಾಕ್ಯದಲ್ಲೇ ಗೊತ್ತಾಗಬೇಕು, ಒಂದು ವಾಕ್ಯಕ್ಕೊಂದು ವಿಷಯ ಸಾಕು, ಅಕ್ಷರ ತಪ್ಪಿರಬಾರದು, ಪೂರ್ಣವಿರಾಮ ಇರಬೇಕು.

ಜೊತೆಗೆ ಬರಹಕ್ಕೆ ನಿಜವಾದ ಓದುಗರು ಇರಲಿ. ಮೇಷ್ಟ್ರು ಮಾತ್ರ ಓದುವ ಬರಹದ ಗುಣಮಟ್ಟ ಮೇಷ್ಟ್ರ ತಲೆನೋವು. ಅದೇ ಬರಹ ಗೋಡೆ ಪತ್ರಿಕೆಗೆ ಹೋದರೆ, ಅಥವಾ ಶಾಲೆಯ ನಲ್ಲಿ ರಿಪೇರಿ ಮಾಡಿಸಿ ಎಂಬ ಪತ್ರವಾಗಿ ಗ್ರಾಮ ಪಂಚಾಯಿತಿಗೆ ನಿಜವಾಗಿ ಹೋದರೆ, ಅದು ಮಗುವಿನ ತಲೆನೋವಾಗುತ್ತದೆ. ‘ಇವರಿಂದ’, ‘ಇವರಿಗೆ’, ‘ವಿಷಯ’ ಎಲ್ಲವೂ ಸರಿ ಜಾಗದಲ್ಲಿ ಯಾಕಿರಬೇಕು ಎಂದು ಆಗ ವಿವರಿಸಬೇಕಾಗುವುದಿಲ್ಲ.

ಹಂತ 2: ಯಾವುದು ತಪ್ಪು ಎಂದು ಬರೆದಿಟ್ಟುಕೊಳ್ಳಿ

ಎಣಿಸುವ ಮುನ್ನ ಎಣಿಕೆಯ ನಿಯಮ ಬೇಕು. ಈ ಹಂತವನ್ನು ಹಾರಿದವರ ನಕ್ಷೆಗಳೆಲ್ಲ ಸುಳ್ಳು ಹೇಳುತ್ತವೆ. ಒಬ್ಬ ಮಗು ‘ಬಾಷೆ’ ಎಂದು ಒಂದೇ ಪುಟದಲ್ಲಿ ಆರು ಸಲ ಬರೆದರೆ ಒಂದು ತಪ್ಪೋ ಆರೋ? ಒಂದೇ ಪದದ ಒಂದೇ ತಪ್ಪನ್ನು ಪುಟಕ್ಕೆ ಒಮ್ಮೆ ಎಣಿಸಿ. ಸಂಭಾಷಣೆಯೊಳಗೆ ಬರುವ ‘ಬಂದೀನಿ’, ‘ಹೋಗ್ಯಾರ’ ಆಡುಮಾತು, ಅದು ತಪ್ಪಲ್ಲ. ಬಳಕೆಯಲ್ಲಿ ಎರಡು ರೂಪ ಇರುವ ಪದಗಳಲ್ಲಿ ಯಾವುದಿದ್ದರೂ ಸರಿ.

ತಪ್ಪುಗಳ ಬಗೆ ಎಂಟಕ್ಕಿಂತ ಹೆಚ್ಚು ಬೇಡ:

1. ಒತ್ತಕ್ಷರ: ‘ಮಾಡುತೇನೆ’, ‘ವಿಜಾನ’, ಅರ್ಕಾವತ್ತು ಹೊರಳಿ ‘ಮಾರ್ಗ’ ಹೋಗಿ ‘ಮಾಗ್ರ’
2. ಅಲ್ಪಪ್ರಾಣ–ಮಹಾಪ್ರಾಣ: ‘ಅಬ್ಯಾಸ’, ‘ಸಂಬಂದ’, ಅತಿ ಎಚ್ಚರದಿಂದ ಹುಟ್ಟುವ ‘ವಿಧ್ಯೆ’, ‘ಭಾಗಿಲು’
3. ಹ್ರಸ್ವ–ದೀರ್ಘ: ‘ಪರಿಕ್ಷೆ’, ‘ನಿರು’
4. ಶ–ಷ–ಸ: ‘ಸಾಲೆ’, ‘ವಿಷೇಶ’
5. ಅ–ಹ: ‘ಅಬ್ಬ’, ತಿರುಗಿ ‘ಹಾದರೆ’
6. ಣ–ನ, ಳ–ಲ: ‘ಕಾರನ’, ‘ನಮ್ಮ ಹಳ್ಳಿ’ ಎನ್ನಲು ಹೋಗಿ ‘ನಮ್ಮ ಹಲ್ಲಿ’
7. ಅನುಸ್ವಾರ ಬಿಟ್ಟುಹೋದದ್ದು: ‘ಬದರು’
8. ಇತರೆ

ಈಗ ಮಕ್ಕಳು ಬರೆದ ಐದು ಪುಟಗಳನ್ನು ನೀವು ಎಣಿಸಿ, ಇನ್ನೊಬ್ಬ ಕನ್ನಡ ಶಿಕ್ಷಕರಿಗೆ ಅದೇ ಐದು ಪುಟಗಳ ಜೆರಾಕ್ಸ್ ಕೊಟ್ಟು ಬೇರೆಯಾಗಿ ಎಣಿಸಲು ಹೇಳಿ. ಇಬ್ಬರ ಒಟ್ಟು ಎಣಿಕೆಯಲ್ಲಿ ನೂರಕ್ಕೆ 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ನಿಯಮ ಇನ್ನೂ ಸಡಿಲವಾಗಿದೆ ಎಂದರ್ಥ. ಕೂತು ಮಾತಾಡಿ ಬಿಗಿ ಮಾಡಿ, ಬೇರೆ ಐದು ಪುಟಗಳಲ್ಲಿ ಮತ್ತೆ ಎಣಿಸಿ. ತಕ್ಕಡಿಯೇ ಸರಿಯಿಲ್ಲದಿದ್ದರೆ ಅಕ್ಕಿ ತೂಗಿ ಏನು ಪ್ರಯೋಜನ?

ಹಂತ 3: ವಾರಕ್ಕೆ ಹತ್ತೇ ಪುಸ್ತಕ ಎಣಿಸಿ

ನಲವತ್ತೂ ಪುಸ್ತಕ ಎಣಿಸಲು ಹೊರಟರೆ ಮೂರನೇ ವಾರಕ್ಕೆ ಕೈಬಿಡುತ್ತೀರಿ. ಶನಿವಾರ ಬೆಳಗ್ಗೆ ಒಂದು ಪೀರಿಯಡ್ ಬರಹಕ್ಕಿಡಿ. 20 ನಿಮಿಷ, ಪುಸ್ತಕ ನೋಡದೆ, ಗೈಡ್ ಇಲ್ಲದೆ ಬರೆಯಲಿ. ಬರೆದು ಮುಗಿದ ಮೇಲೆ ಚೀಟಿ ಎತ್ತಿ 10 ಹಾಜರಿ ಸಂಖ್ಯೆ ಆರಿಸಿ. ಮುಂಚೆಯೇ ಆರಿಸಿದರೆ ಆ ಹತ್ತು ಮಕ್ಕಳು ಮಾತ್ರ ಹುಷಾರಾಗಿ ಬರೆಯುತ್ತಾರೆ, ನಿಮ್ಮ ಅಂಕಿ ತರಗತಿಯದ್ದಾಗಿ ಉಳಿಯುವುದಿಲ್ಲ. ಪ್ರತಿ ಪುಸ್ತಕದಲ್ಲಿ ಮೊದಲ 100 ಪದ ಮಾತ್ರ ನೋಡಿ. ಹತ್ತು ಪುಸ್ತಕಕ್ಕೆ 1000 ಪದ. ಎಂಟು ಬಗೆಗೆ ಎಂಟು ಸಾಲು ಹಾಕಿದ ಹಾಳೆಯಲ್ಲಿ ತಪ್ಪಿಗೊಂದು ಗೀಟು ಎಳೆಯುತ್ತ ಹೋಗಿ, ಐದನೆಯದು ಅಡ್ಡ ಗೀಟು. ಗಣಿತದ ಪೀರಿಯಡ್‌ನಲ್ಲಿ ಮಕ್ಕಳು ಹಾಕುವ ತಾಳೆ ಗುರುತೇ ಇದು. ಕೈ ಕುದುರಿದ ಮೇಲೆ ಅರ್ಧ ಗಂಟೆಯ ಕೆಲಸ.

ಎಣಿಕೆಯ ಹಾಳೆಯ ಮೇಲೆ ಮಗುವಿನ ಹೆಸರು ಬರೆಯಬೇಡಿ. ಹೆಸರು ಬಂದ ಕೂಡಲೇ ಕಣ್ಣು ‘ಯಾರು’ ಎಂಬುದರ ಮೇಲೆ ಹೋಗುತ್ತದೆ, ನಮಗೆ ಬೇಕಾದದ್ದು ‘ಯಾವುದು’.

ಮೊದಲ ಆರು ವಾರ ಏನನ್ನೂ ಬದಲಿಸಬೇಡಿ. ಕಷ್ಟ, ಗೊತ್ತು. ತಪ್ಪು ಕಣ್ಣಿಗೆ ಬಿದ್ದ ಮೇಲೆ ಸುಮ್ಮನಿರಲು ಯಾವ ಶಿಕ್ಷಕರಿಗೂ ಮನಸ್ಸಾಗದು. ನಿಮ್ಮ ಎಂದಿನ ಪಾಠ, ತಿದ್ದುವಿಕೆ ನಡೆಯಲಿ, ಹೊಸ ಉಪಾಯ ಮಾತ್ರ ಬೇಡ. ಮೊದಲು ಎಷ್ಟಿತ್ತು ಎಂದು ತಿಳಿಯದೆ ಆಮೇಲೆ ಸುಧಾರಿಸಿತೇ ಎಂದು ಹೇಳಲಾಗದು.

ಹಂತ 4: ಯಾವ ತಪ್ಪಿನಿಂದ ಶುರು?

ಒಂದು ವಾರದ 1000 ಪದಗಳಲ್ಲಿ 142 ತಪ್ಪು ಸಿಕ್ಕವು ಎನ್ನಿ. ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ: ಒತ್ತಕ್ಷರ 46, ಮಹಾಪ್ರಾಣ 38, ಹ್ರಸ್ವ–ದೀರ್ಘ 21, ಶ–ಷ–ಸ 12, ಅ–ಹ 9, ಣ–ನ ಮತ್ತು ಳ–ಲ 8, ಅನುಸ್ವಾರ 5, ಇತರೆ 3. ಮೊದಲ ಮೂರನ್ನೇ ಕೂಡಿದರೆ 105, ಅಂದರೆ ನೂರಕ್ಕೆ 74. ಎಂಟರಲ್ಲಿ ಮೂರು ಬಗೆ ಹಿಡಿದರೆ ಮುಕ್ಕಾಲು ಕೆಲಸ ಹಿಡಿದಂತೆ. ಹೀಗೆ ಇಳಿಕೆಯ ಕ್ರಮದಲ್ಲಿ ನಿಲ್ಲಿಸಿದ ಸ್ತಂಭ ನಕ್ಷೆಗೆ ಪರೇಟೊ ನಕ್ಷೆ ಎನ್ನುತ್ತಾರೆ. ಇಟಲಿಯ ಅರ್ಥಶಾಸ್ತ್ರಜ್ಞನ ಈ ಹೆಸರನ್ನು ಗುಣಮಟ್ಟದ ಕೆಲಸಕ್ಕೆ ತಂದವರು ಅಮೆರಿಕದ ಗುಣಮಟ್ಟ ತಜ್ಞ ಜೋಸೆಫ್ ಜುರಾನ್.

ಬಹಳ ಜನ ಇಲ್ಲಿಗೇ ನಿಂತು ‘ಒತ್ತಕ್ಷರ ಅಭ್ಯಾಸ’ ಎಂದು ಹಾಳೆಗಟ್ಟಲೆ ಬರೆಸಲು ಶುರುಮಾಡುತ್ತಾರೆ. ಇನ್ನೊಂದು ಮೆಟ್ಟಿಲು ಇಳಿಯಿರಿ. ಆ 46ನ್ನೇ ಒಡೆಯಿರಿ: ‘ಮಾಡುತೇನೆ’, ‘ಹೋಗುತಾರೆ’ ಜಾತಿಯವು 24, ಅರ್ಕಾವತ್ತು 11, ಜ್ಞ–ಷ್ಟ್ರ–ಕ್ಷ್ಮದಂಥ ವಿಜಾತೀಯ ಒತ್ತುಗಳು 7, ಉಳಿದವು 4. ಈಗ ಗುರಿ ಕಾಣಿಸಿತು. ‘ತ್ತ’ ಎಂಬ ಒಂದೇ ಅಕ್ಷರ ಇಡೀ ತರಗತಿಯ 142 ತಪ್ಪುಗಳಲ್ಲಿ 24ಕ್ಕೆ, ಅಂದರೆ ಆರರಲ್ಲಿ ಒಂದಕ್ಕೆ ಕಾರಣ. ಒತ್ತಕ್ಷರ ಇಡಿಯಾಗಿ ಬೆಟ್ಟ, ‘ತ್ತ’ ಒಂದು ದಿನ್ನೆ.

ಹಂತ 5: ಕಾರಣ ಹುಡುಕಿ

ಜಪಾನಿನ ಗುಣಮಟ್ಟ ತಜ್ಞ ಕಾವೊರು ಇಶಿಕಾವಾ ಬಳಕೆಗೆ ತಂದ ಮೀನಿನ ಮೂಳೆ ನಕ್ಷೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಬೋರ್ಡಿನ ಬಲತುದಿಯಲ್ಲಿ ತಲೆ, ಅದರಲ್ಲಿ ತಪ್ಪು: ‘ತ್ತ ಬಿಟ್ಟುಹೋಗುತ್ತದೆ’. ತಲೆಯಿಂದ ಎಡಕ್ಕೆ ಬೆನ್ನುಮೂಳೆ, ಅದಕ್ಕೆ ಐದು ಪಕ್ಕೆಲುಬು: ಮಾತು, ಪಾಠದ ರೀತಿ, ಸಾಮಗ್ರಿ, ಸಮಯ, ತಿದ್ದುವ ಕ್ರಮ. ‘ಮಗು’ ಎಂಬ ಪಕ್ಕೆಲುಬನ್ನು ಬೇಕೆಂದೇ ಬಿಡಿ. ಅದನ್ನು ಹಾಕಿದರೆ ‘ಗಮನವಿಲ್ಲ’, ‘ಮನೆಯಲ್ಲಿ ಓದಿಸುವುದಿಲ್ಲ’ ಎಂದು ಬರೆದು ಎಲ್ಲರೂ ಆರಾಮಾಗಿ ಎದ್ದುಹೋಗಬಹುದು. ಮಕ್ಕಳನ್ನೂ ಕೂರಿಸಿಕೊಂಡೇ ಮಾಡಿ. ಕೊನೆಯ ಬೆಂಚಿನಿಂದ ಬೋರ್ಡಿನ ಒತ್ತು ಕಾಣುವುದಿಲ್ಲ ಎಂಬುದು ಕೊನೆಯ ಬೆಂಚಿನವರಿಗೆ ಮಾತ್ರ ಗೊತ್ತಿರುತ್ತದೆ.

ನಂತರ ಬಲವಾಗಿ ಕಂಡ ಕಾರಣಕ್ಕೆ ‘ಯಾಕೆ’ ಎಂದು ಮತ್ತೆಮತ್ತೆ ಕೇಳಿ. ‘ಮಾಡುತೇನೆ’ ಯಾಕೆ? ಮಗುವಿನ ಕಿವಿಯಲ್ಲಿರುವುದು ‘ಮಾಡ್ತೀನಿ’ ಅಥವಾ ‘ಮಾಡ್ತೇನೆ’, ಅಲ್ಲಿ ಇರುವುದು ಒಂದೇ ತ. ಬರೆಯುವಾಗ ನಡುವೆ ಉಕಾರ ಸೇರಿಸಬೇಕೆಂದು ಗೊತ್ತು, ತ ಇಮ್ಮಡಿಯಾಗುತ್ತದೆ ಎಂದು ಗೊತ್ತಿಲ್ಲ. ಯಾಕೆ ಗೊತ್ತಿಲ್ಲ? ಮಾಡು + ಉತ್ತ + ಏನೆ ಎಂದು ಪದ ಬಿಡಿಸಿದ್ದು ವ್ಯಾಕರಣದ ಪಾಠದಲ್ಲಿ. ಪ್ರಬಂಧ ಬರೆಯುವಾಗ ಅದು ನೆನಪಿಗೆ ಬರುವುದಿಲ್ಲ. ಯಾಕೆ? ಎರಡನ್ನೂ ನಾವು ಯಾವತ್ತೂ ಒಂದೇ ಪೀರಿಯಡ್‌ನಲ್ಲಿ ಕೂಡಿಸಿಲ್ಲ. ಇಲ್ಲಿ ನಿಲ್ಲಿ. ನೀವೇ ಬದಲಿಸಬಲ್ಲ ಕಾರಣ ಸಿಕ್ಕಾಗ ‘ಯಾಕೆ’ ಮುಗಿಯಿತು. ಐದು ಸಲ ಕೇಳಲೇಬೇಕೆಂಬ ಶಾಸ್ತ್ರವೇನೂ ಇಲ್ಲ.

ಮಹಾಪ್ರಾಣದ ಕಥೆಯೇ ಬೇರೆ. ನಮ್ಮ ಬಹುಪಾಲು ಆಡುಮಾತಿನಲ್ಲಿ ಮಹಾಪ್ರಾಣ ಕೇಳಿಸುವುದೇ ಇಲ್ಲ, ಹಾಗಾಗಿ ‘ಸರಿಯಾಗಿ ಕೇಳಿಸಿಕೊಂಡು ಬರಿ’ ಎಂಬ ಬುದ್ಧಿಮಾತು ಇಲ್ಲಿ ಕೆಲಸ ಮಾಡದು. ಉಕ್ತಲೇಖನದಲ್ಲಿ ಶಿಕ್ಷಕರು ‘ಭಾ’ವನ್ನು ಒತ್ತಿ ಹೇಳಿದಾಗ ಸರಿ ಬರೆದ ಮಗು ತಾನಾಗಿ ಬರೆಯುವಾಗ ಮತ್ತೆ ತಪ್ಪುತ್ತದೆ, ಏಕೆಂದರೆ ಪಕ್ಕದಲ್ಲಿ ಒತ್ತಿ ಹೇಳುವವರಿಲ್ಲ. ಹ್ರಸ್ವ–ದೀರ್ಘ ಹಾಗಲ್ಲ. ‘ಕೊಡು’, ‘ಕೋಡು’ ಎರಡರ ವ್ಯತ್ಯಾಸ ಮಗುವಿನ ಮಾತಿನಲ್ಲೇ ಇದೆ, ಅದನ್ನು ಕಿವಿಯಿಂದ ತಿದ್ದಬಹುದು. ಮಹಾಪ್ರಾಣವನ್ನು ಕಣ್ಣಿನಿಂದಲೇ ಕಲಿಯಬೇಕು. ಹಳೇ ಮೈಸೂರಿನ ಕಡೆ ಹಕಾರದ್ದೂ ಇದೇ ಪಾಡು. ಮನೆಮಾತು ತುಳು, ಉರ್ದು, ತೆಲುಗು, ಲಂಬಾಣಿ ಆಗಿರುವ ಮಕ್ಕಳಲ್ಲಿ ತಪ್ಪಿನ ಹಂಚಿಕೆ ಬೇರೆಯಾಗಿರಬಹುದು, ಅದಕ್ಕೇ ಪಕ್ಕದ ಶಾಲೆಯ ನಕ್ಷೆ ನಿಮ್ಮದಕ್ಕೆ ಬದಲಿಯಲ್ಲ. ಒಂದೇ ಇಂಪೊಸಿಷನ್ನಿನಿಂದ ಎಲ್ಲ ತಪ್ಪನ್ನೂ ಓಡಿಸಹೊರಟರೆ ಸೋಲುವುದು ಇದಕ್ಕೇ: ತಪ್ಪುಗಳು ಬೇರೆಬೇರೆ ಜಾಗದಲ್ಲಿ ಹುಟ್ಟುತ್ತವೆ.

ಹಂತ 6: ತಪ್ಪು ಹುಟ್ಟುವಲ್ಲೇ ತಡೆ ಹಾಕಿ

ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರನ್ನು ಒಟ್ಟಿಗೆ ತಂದರೆ ಯಾವುದು ಫಲ ಕೊಟ್ಟಿತೆಂದು ತಿಳಿಯುವುದಿಲ್ಲ. ಎರಡು ಸೆಕ್ಷನ್ ಇದ್ದರೆ ಮೊದಲು ಒಂದರಲ್ಲಿ ನೋಡಿ.

ಗೆರೆ ಬಿಟ್ಟು ಗೆರೆ: ಸಾಧಾರಣ ನೋಟ್‌ಬುಕ್ಕಿನಲ್ಲಿ ಕನ್ನಡದ ಒತ್ತಿಗೆ ಜಾಗ ಸಾಲದು, ಕೆಳಗಿನ ಸಾಲಿನ ತಲಕಟ್ಟು, ಗುಡಿಸಿಗೆ ತಗುಲುತ್ತದೆ. ಇಕ್ಕಟ್ಟಾದಾಗ ಮಗು ಒತ್ತನ್ನು ಸಣ್ಣದು ಮಾಡುತ್ತದೆ ಅಥವಾ ಬಿಟ್ಟೇಬಿಡುತ್ತದೆ. ಬರಹದ ಪೀರಿಯಡ್‌ನಲ್ಲಿ ಒಂದು ಗೆರೆ ಬಿಟ್ಟು ಒಂದು ಗೆರೆಯಲ್ಲಿ ಬರೆಸಿ. ಜಪಾನಿನ ಕಾರ್ಖಾನೆಗಳಲ್ಲಿ ಪೋಕಾ–ಯೋಕೆ ಎಂದು ಕರೆಯುವುದು ಇಂಥದ್ದನ್ನೇ: ತಪ್ಪಲು ಕಷ್ಟವಾಗುವಂತೆ ಕೆಲಸದ ಜಾಗವನ್ನೇ ಜೋಡಿಸುವುದು. ಪುಸ್ತಕ ಬೇಗ ಮುಗಿಯುತ್ತದೆ ಎಂದು ಮನೆಯವರು ಗೊಣಗಬಹುದು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕಾರಣ ಮೊದಲೇ ಹೇಳಿಡಿ.

ಕ್ರಿಯಾಪದದ ಓದು: ಬರೆದಾದ ಮೇಲೆ ಪುಸ್ತಕ ಕೊಡುವ ಮುಂಚೆ 3 ನಿಮಿಷ. ಮಗು ತನ್ನ ಪುಟದ ಕ್ರಿಯಾಪದಗಳಿಗೆ ಪೆನ್ಸಿಲಿನಿಂದ ಅಡಿಗೆರೆ ಎಳೆದು, ಪ್ರತಿಯೊಂದರಲ್ಲೂ ‘ಉತ್ತ ಬೇಕೇ? ಇದೆಯೇ?’ ಎಂದು ಮಾತ್ರ ನೋಡಲಿ. ಆ ಓದಿನಲ್ಲಿ ಬೇರೆ ಯಾವ ತಪ್ಪನ್ನೂ ಹುಡುಕಬಾರದು. ‘ಇನ್ನೊಂದು ಸಲ ಓದಿ ಕೊಡು’ ಎಂದರೆ ಮಕ್ಕಳು ಅರ್ಥವನ್ನು ಓದುತ್ತಾರೆ, ಅಕ್ಷರ ಕಾಣುವುದಿಲ್ಲ. ‘ಬರೆದನು’, ‘ಹೋಗುವರು’ ಎಂಬಲ್ಲೂ ತ್ತ ತುರುಕುವ ಮಕ್ಕಳು ಮೊದಲೆರಡು ವಾರ ಸಿಗುತ್ತಾರೆ. ‘ಬೇಕೇ?’ ಎಂಬ ಮೊದಲ ಪ್ರಶ್ನೆ ಇರುವುದು ಅವರಿಗಾಗಿ.

ರಟ್ಟಿನ ಒಳಗಿನ ಪಟ್ಟಿ: ಇದು ಮಹಾಪ್ರಾಣಕ್ಕೆ, ಮಗುವಿನ ಪುಸ್ತಕದ ರಟ್ಟಿನ ಒಳಬದಿಯಲ್ಲಿರಲಿ. ಪಠ್ಯಪುಸ್ತಕದ ಪದಗಳು ಬೇಡ, ನಿಮ್ಮ ಮಕ್ಕಳು ನಿಜವಾಗಿ ತಪ್ಪಿದ 25 ಪದಗಳನ್ನು ಎಣಿಕೆಯ ಹಾಳೆಯಿಂದ ತೆಗೆದು ಕುಟುಂಬಗಳಾಗಿ ಜೋಡಿಸಿ. ಅರ್ಥ, ಸ್ವಾರ್ಥ, ಪ್ರಾರ್ಥನೆ, ವಿದ್ಯಾರ್ಥಿ ಒಂದು ಕಡೆ. ಬಂಧನ, ಸಂಬಂಧ, ಪ್ರಬಂಧ, ನಿರ್ಬಂಧ ಇನ್ನೊಂದು ಕಡೆ. ಆಮೇಲೆ ಅಭ್ಯಾಸ, ಪ್ರಾರಂಭ, ಲಾಭ. ಪಟ್ಟಿಯ ಕೆಳಗೆ ‘ಇವಕ್ಕೆ ಮಹಾಪ್ರಾಣ ಇಲ್ಲ’ ಎಂದು ವಿದ್ಯೆ, ಬಾಗಿಲು, ದಾರಿ, ಬೆಳಕು ಸೇರಿಸಲೇಬೇಕು. ಇಲ್ಲದಿದ್ದರೆ ಎರಡೇ ವಾರದಲ್ಲಿ ‘ಭಾಗಿಲು’, ‘ಧಾರಿ’ಗಳ ಮಳೆ ಸುರಿಯುತ್ತದೆ. ಮಹಾಪ್ರಾಣ ಹೆಚ್ಚಾಗಿ ಬರುವುದು ಸಂಸ್ಕೃತದಿಂದ ಬಂದ ಪದಗಳಲ್ಲಿ ಎಂಬ ಸುಳಿವನ್ನೂ ಕೊಡಿ. ಮಧ್ಯ–ಮದ್ಯ ಜೋಡಿಯನ್ನು ಸೇರಿಸಿದರೆ ಮರೆಯುವುದಿಲ್ಲ: ‘ಪಾಠದ ಮದ್ಯದಲ್ಲಿ ಬಿಡುವು’ ಎಂಬ ವಾಕ್ಯವನ್ನು ಬೋರ್ಡಿನ ಮೇಲೆ ಬರೆದು ನೋಡಿ.

ಬೋರ್ಡು: ಒತ್ತನ್ನು ಮೂಲಾಕ್ಷರದಷ್ಟೇ ದೊಡ್ಡದಾಗಿ ಬರೆಯಿರಿ. ಬರೆದ ಮೇಲೆ ಕೊನೆಯ ಬೆಂಚಿನಲ್ಲಿ ನೀವೇ ಕೂತು ಓದಿ.

ಹಂತ 7: ಫಲ ಬಂತೇ ಎಂದು ನಕ್ಷೆ ಹೇಳಲಿ

ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ವಾರಗಳು, ನೇರಕ್ಕೆ 100 ಪದಕ್ಕೆ ಎಷ್ಟು ತಪ್ಪು ಎಂದು. ಮೊದಲ ಆರು ವಾರ 14.2, 13.5, 15.1, 13.9, 14.6, 13.2 ಬಂದಿದ್ದರೆ ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನ ಎರಡರ ಸರಾಸರಿ ತೆಗೆಯಿರಿ: (13.9 + 14.2) ÷ 2 = 14.05. ಇದು ಮಧ್ಯಾಂಕ, ಅಲ್ಲೊಂದು ಅಡ್ಡಗೆರೆ ಎಳೆದು ಮುಂದಿನ ವಾರಗಳಿಗೂ ಚಾಚಿ. ಬದಲಾವಣೆ ತಂದ ಮೇಲೆ 12.8, 13.4, 11.9, 12.2, 11.5, 11.8 ಬಂದವು ಎನ್ನಿ. ಸತತ ಆರು ಬಿಂದುಗಳು ಮಧ್ಯಾಂಕದ ಒಂದೇ ಬದಿಗೆ ಬಿದ್ದರೆ ಅದು ಕಾಕತಾಳೀಯವಲ್ಲ, ಬರೆಯುವ ಕ್ರಮವೇ ಬದಲಾಗಿದೆ ಎಂದು ತಿಳಿಯಬಹುದು. ಗೆರೆಯ ಮೇಲೇ ಬಿದ್ದ ಬಿಂದುವನ್ನು ಎಣಿಸಬೇಡಿ.

ಎರಡನೇ ವಾರ 12.8 ಇದ್ದದ್ದು 13.4ಕ್ಕೆ ಏರಿತಲ್ಲ, ಆಗ ಏನು ಮಾಡಬೇಕು? ಏನೂ ಮಾಡಬಾರದು. ವಿಷಯ ಕಷ್ಟದ್ದಿತ್ತೋ, ಚೀಟಿಯಲ್ಲಿ ಬೇರೆ ಮಕ್ಕಳು ಬಂದರೋ, ಹಿಂದಿನ ದಿನ ಊರಹಬ್ಬವಿತ್ತೋ. ಇಂಥ ಏರಿಳಿತ ಯಾವ ಕೆಲಸದಲ್ಲೂ ಇದ್ದೇ ಇರುತ್ತದೆ. ಪ್ರತಿ ಏರಿಕೆಗೂ ಬೈದು, ಪ್ರತಿ ಇಳಿಕೆಗೂ ಚಾಕೊಲೇಟ್ ಕೊಟ್ಟರೆ ಕ್ರಮ ಇನ್ನಷ್ಟು ಓಲಾಡುತ್ತದೆ. ಇದನ್ನು ಡೆಮಿಂಗ್ ಕೈಯಾಡಿಸುವಿಕೆ ಎಂದು ಕರೆದು ಮತ್ತೆಮತ್ತೆ ಎಚ್ಚರಿಸುತ್ತಿದ್ದರು.

ಆರು ವಾರವಾದರೂ ಬಿಂದುಗಳು ಗೆರೆಯ ಎರಡೂ ಬದಿ ಓಡಾಡುತ್ತಿದ್ದರೆ ಆ ಉಪಾಯ ಫಲಿಸಲಿಲ್ಲ. ಅದನ್ನು ಬಿಟ್ಟು ಹಂತ 5ಕ್ಕೆ ಮರಳಿ. ಫಲಿಸಿದ್ದರೆ ಅದನ್ನು ತರಗತಿಯ ಕಾಯಂ ರೂಢಿ ಮಾಡಿ, ಹೊಸ ಮಧ್ಯಾಂಕ ಎಳೆದು ಮುಂದಿನ ಸ್ತಂಭಕ್ಕೆ ಕೈಹಾಕಿ. ಜುಲೈನಲ್ಲಿ ಎಣಿಕೆ ಶುರುಮಾಡಿದರೆ ದಸರಾ ರಜೆಯ ಹೊತ್ತಿಗೆ ಒಂದು ಸುತ್ತು ಮುಗಿಯುತ್ತದೆ, ವರ್ಷಕ್ಕೆ ಎರಡು ಸುತ್ತು ಸಾಕು.

ಎಲ್ಲಿ ಕೆಡುತ್ತದೆ

ಎಲ್ಲಕ್ಕಿಂತ ದೊಡ್ಡ ಅಪಾಯ: ತಪ್ಪು ಕಡಿಮೆ ಮಾಡಲು ಮಕ್ಕಳು ಬರೆಯುವುದನ್ನೇ ಕಡಿಮೆ ಮಾಡುತ್ತಾರೆ. ‘ನಮ್ಮ ಊರು ಚೆನ್ನಾಗಿದೆ. ಅಲ್ಲಿ ಮರ ಇದೆ. ಕೆರೆ ಇದೆ.’ ತಪ್ಪಿಲ್ಲ, ಬರಹವೂ ಇಲ್ಲ. ಹಾಗಾಗಿ ತಪ್ಪಿನ ನಕ್ಷೆಯ ಕೆಳಗೆ ಇನ್ನೊಂದು ನಕ್ಷೆ ಇರಲೇಬೇಕು: 20 ನಿಮಿಷದಲ್ಲಿ ಸರಾಸರಿ ಎಷ್ಟು ಪದ ಬರೆದರು. ಮೊದಲ 100 ಪದ ನೋಡುವ ನಮ್ಮ ಲೆಕ್ಕದಲ್ಲಿ ನೂರು ಪದವೇ ಬರೆಯದ ಪುಸ್ತಕ ಸಿಕ್ಕರೆ ಇದ್ದಷ್ಟು ಎಣಿಸಿ, ಹಾಗೆಂದು ಗುರುತು ಹಾಕಿ. ತಪ್ಪು ಇಳಿದು ಪದಗಳೂ ಇಳಿದಿದ್ದರೆ ಅದು ಸುಧಾರಣೆಯಲ್ಲ. ಹೊಸ ಪದಕ್ಕೆ ಕೈಹಾಕಿ ತಪ್ಪಿದ ಮಗುವಿಗೆ ಆ ತಪ್ಪಿನ ಪಕ್ಕ ಒಂದು ನಕ್ಷತ್ರ ಹಾಕಿ, ಅದನ್ನು ಎಣಿಕೆಗೆ ಸೇರಿಸಬೇಡಿ.

ಎರಡನೆಯದು ಗುರಿ ನಿಗದಿ. ‘ಮುಂದಿನ ತಿಂಗಳು 5ಕ್ಕೆ ಇಳಿಸಬೇಕು’ ಎಂದು ಮುಖ್ಯ ಶಿಕ್ಷಕರು ಹೇಳಿದರೆ ಅಂಕಿ ಇಳಿದೇ ಇಳಿಯುತ್ತದೆ, ಎಣಿಸುವವರ ಕಣ್ಣು ಮಂಜಾಗುತ್ತದೆ. ಈ ಎಣಿಕೆಯನ್ನು ರೂಪಣಾತ್ಮಕ ಮೌಲ್ಯಮಾಪನದ ಅಂಕಕ್ಕೂ ಶಿಕ್ಷಕರ ಕಾರ್ಯಕ್ಷಮತೆಗೂ ಜೋಡಿಸಬೇಡಿ.

ಮೂರನೆಯದು ಗುಂಪಿನ ಕೆಲಸ. ಜಪಾನಿನಲ್ಲಿ 1962ರಲ್ಲಿ ಶುರುವಾದ ಗುಣಮಟ್ಟ ವೃತ್ತಗಳನ್ನು ಲಖನೌದ ಸಿಟಿ ಮಾಂಟೆಸ್ಸರಿ ಶಾಲೆ 1990ರ ದಶಕದಲ್ಲಿ ವಿದ್ಯಾರ್ಥಿಗಳ ನಡುವೆ ತಂದಿತು. ನಿಮ್ಮಲ್ಲೂ ಆರರಿಂದ ಎಂಟು ಮಕ್ಕಳ ವೃತ್ತ ಮಾಡಬಹುದು: ವಾರಕ್ಕೆ ಅರ್ಧ ಗಂಟೆ ಕೂತು ಎಣಿಕೆ, ನಕ್ಷೆ, ಕಾರಣದ ಚರ್ಚೆ ಅವರೇ ನಡೆಸಲಿ. ಆದರೆ ಫಸ್ಟ್ ಬರುವ ಹುಡುಗಿಯೇ ಪ್ರತಿ ವಾರ ನಾಯಕಿಯಾದರೆ ಉಳಿದವರು ಅವಳಿಗೆ ಪುಸ್ತಕ ಒಪ್ಪಿಸಿ ಕೈಕಟ್ಟಿ ಕೂರುತ್ತಾರೆ. ನಾಯಕತ್ವ, ಎಣಿಕೆ, ನಕ್ಷೆ ಮೂರೂ ವಾರವಾರ ಸುತ್ತಲಿ, ಹೆಚ್ಚು ತಪ್ಪುವ ಮಗುವೂ ಎಣಿಸುವ ಸರದಿಗೆ ಬರಲಿ. ಬೇರೆಯವರ ಪುಟದಲ್ಲಿ ‘ತ್ತ’ ಹುಡುಕಿದ ಕಣ್ಣು ತನ್ನ ಪುಟದಲ್ಲೂ ಹುಡುಕುತ್ತದೆ.

ಗಣಿತಕ್ಕೂ ಇದೇ ಕ್ರಮ ಹೊಂದುತ್ತದೆ, ಬಗೆಗಳು ಮಾತ್ರ ಬೇರೆ: ಸಮೀಕರಣದ ಪದವನ್ನು ಆಚೆ ಬದಿಗೆ ಒಯ್ಯುವ ಪಕ್ಷಾಂತರದಲ್ಲಿ ಚಿಹ್ನೆ ಬದಲಿಸದಿರುವುದು, ಆವರಣ ಬಿಡಿಸುವಾಗ ಎರಡನೇ ಪದವನ್ನು ಗುಣಿಸದಿರುವುದು, ಲೆಕ್ಕ ಇಳಿಸಿಕೊಳ್ಳುವಾಗಲೇ ಅಂಕಿ ತಪ್ಪುವುದು. ಮೂರನೆಯದು ಗಣಿತದ ತಪ್ಪೇ ಅಲ್ಲ, ಅದಕ್ಕೆ ಗಣಿತದ ಅಭ್ಯಾಸ ಮದ್ದೂ ಅಲ್ಲ.

ಏಪ್ರಿಲ್‌ನಲ್ಲಿ ಎಣಿಕೆ ಹಾಳೆಗಳು, ಎರಡೂ ನಕ್ಷೆಗಳು, ರಟ್ಟಿನ ಪಟ್ಟಿ, ಫಲಿಸದ ಉಪಾಯಗಳ ಒಂದು ಪುಟ, ಇಷ್ಟನ್ನು ಒಂದೇ ಫೈಲಿಗೆ ಹಾಕಿ 9ನೇ ತರಗತಿಯ ಕನ್ನಡ ಶಿಕ್ಷಕರಿಗೆ ಕೊಡಿ. ಅವರು ಜೂನ್‌ನಲ್ಲಿ ಮತ್ತೆ ಆರು ವಾರ ಕಾಯಬೇಕಿಲ್ಲ, ನಿಮ್ಮ ಕೊನೆಯ ಮಧ್ಯಾಂಕವೇ ಅವರ ಮೊದಲ ಗೆರೆ. ಎಣಿಕೆಯ ನಿಯಮದ ಹಾಳೆ ಫೈಲಿನ ಮೇಲೇ ಇರಲಿ, ಅದಿಲ್ಲದೆ ಇಬ್ಬರ ಅಂಕಿಗಳನ್ನು ಹೋಲಿಸಲಾಗದು.